ಸ್ಲಾಯ್ಡ್ ಎಂಬ ಮರಗೆಲಸದ ಶಿಕ್ಷಣ

ಬಾಲಕನ ಕೈಗೆ ಹರಿತವಾದ ಚಾಕುವನ್ನು ಕೊಡಬೇಕೆಂದರೆ ತಾಯಿತಂದೆಗಳು ಬೆಚ್ಚುವುದು ಸಹಜವೇ. ಫಿನ್ಲೆಂಡಿನಲ್ಲಿಯಾದರೋ ಊನೋ ಸಿಗ್ನೇಯಸನ ಪ್ರಯತ್ನದಿಂದ 1866ರಲ್ಲಿಯೇ ಕೈಗೆಲಸವು ಗ್ರಾಮಶಾಲೆಗಳ ಹುಡುಗರಿಗೆ ಕಡ್ಡಾಯ ಪಾಠವಾಯಿತು. ಅದಕ್ಕೆ ಸ್ಲಾಯ್ಡ್ ಎಂದು ಹೆಸರು. ಅದನ್ನು ಶಾಸ್ತ್ರಬದ್ಧಗೊಳಿಸಿದವನು ಸ್ವೀಡನ್ನಿನ ನೇಸ್ ಎಂಬಲ್ಲಿ ಅಧ್ಯಾಪಕರನ್ನು ತರಬೇತುಗೊಳಿಸಿದ ಆಟೋ ಸಾಲೊಮನ್.

ಅವನ ಕ್ರಮದಲ್ಲಿ ಮೊದಲ ಉಪಕರಣವೇ ಚಾಕು; ಹಳ್ಳಿಯ ಹುಡುಗನು ಮನೆಯಲ್ಲಿಯೇ ಬಲ್ಲದ್ದು ಅದು. ಗರಗಸ, ಉಜ್ಜುಗೊರಡುಗಳು ಅನಂತರ ಬರುವುವು. ಹೂಗಿಡಕ್ಕೆ ಆಸರೆಯಾಗುವ ಕಡ್ಡಿಯಂಥ ಸುಲಭವಾದುದರಿಂದ ಸೌಟು, ಕೊಡಲಿಯ ಕಾವುಗಳವರೆಗೆ ಕೆಲಸವು ಕ್ರಮೇಣ ಕಠಿನವಾಗುತ್ತದೆ. ಮಾಡಿದ್ದೆಲ್ಲವೂ ಮನೆಗೆ ಉಪಯುಕ್ತವಾಗಿರಬೇಕು. ಬರಿಯ ಅಲಂಕಾರದ ವಸ್ತು ಸಲ್ಲದು. ಹುಡುಗನನ್ನು ಬಡಗಿಯನ್ನಾಗಿಸುವುದಲ್ಲ, ಶ್ರಮದಲ್ಲಿ ಗೌರವವನ್ನೂ ಕೆಲಸದಲ್ಲಿ ನಿಖರತೆಯನ್ನೂ ಬೆಳೆಸುವುದೇ ಉದ್ದೇಶ.

ಅಧ್ಯಾಪಕರಿಗೆ ಅತಿ ಕಠಿನವಾದ ನಿಯಮ ಇನ್ನೊಂದುಂಟು: ಶಿಷ್ಯನ ಕೆಲಸವನ್ನು ತಾವು ಮುಟ್ಟಿ ತಿದ್ದಕೂಡದು. ತೋರಿಸಬಹುದು, ಹೇಳಬಹುದು, ಅಷ್ಟೆ. ಮಗ್ಗಿ ತಪ್ಪಿದರೆ ಗುರುವಿನ ಮಾತನ್ನು ನಂಬಬೇಕು. ಹಲಗೆಯ ಮೇಲೆ ಮೂಲೆಮಟ್ಟವನ್ನಿಟ್ಟಾಗ ಸಂದಿನಲ್ಲಿ ಬೆಳಕು ಇಣುಕಿದರೆ ತಪ್ಪು ತನ್ನದೆಂದು ಹುಡುಗನೇ ಕಾಣುತ್ತಾನೆ. ಗದರಿಕೆಗೆ ಅಲ್ಲಿ ಅವಕಾಶವೆಲ್ಲಿ?

1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕಸುಬನ್ನೇ ಶಿಕ್ಷಣದ ಕೇಂದ್ರವಾಗಿಸಲು ಬಯಸಿದಾಗ, ಮಕ್ಕಳು ತಯಾರಿಸಿದ ವಸ್ತುಗಳ ಉತ್ಪತ್ತಿಯಿಂದ ಶಾಲೆಯ ವೆಚ್ಚ ಸಾಗಲೆಂಬ ಆಶಯವೂ ಇದ್ದಿತು. ನೇಸ್‌ನ ಕ್ರಮದಲ್ಲಿ ಸೌಟು ಮಾರಾಟಕ್ಕಲ್ಲ; ಅದನ್ನು ಕೆತ್ತಿದ ಹುಡುಗನ ಮನೆಯ ಅಡುಗೆಗೆ.