ಕ್ಯಾಮೆರಾ ನಮ್ಮದು, ಕೀಲಿ ಯಾರ ಕೈಲಿ?

2016ರ ಅಕ್ಟೋಬರ್ 21ರಂದು ಅಮೆರಿಕದ ಹಲವೆಡೆ ಟ್ವಿಟರ್, ನೆಟ್‌ಫ್ಲಿಕ್ಸ್, ರೆಡ್ಡಿಟ್ ಗಂಟೆಗಟ್ಟಲೆ ಸರಿಯಾಗಿ ತೆರೆದುಕೊಳ್ಳಲಿಲ್ಲ. ಆ ಸೈಟುಗಳನ್ನು ಯಾರೂ ಹ್ಯಾಕ್ ಮಾಡಿರಲಿಲ್ಲ. ನಾವು ಟೈಪ್ ಮಾಡುವ ವಿಳಾಸ ಯಾವ ಸರ್ವರ್‌ನದ್ದು ಎಂದು ಹುಡುಕಿಕೊಡುವ ಡಿನ್ ಎಂಬ ಕಂಪನಿಯ ಮೇಲೆ ದಾಳಿಯಾಗಿತ್ತು. ದಾಳಿಗೆ ಬಳಕೆಯಾದ ಯಂತ್ರಗಳು ಯಾವುವು ಗೊತ್ತಾ? ಮನೆ, ಅಂಗಡಿ, ಆಫೀಸುಗಳ ಸಿಸಿಟಿವಿ ಕ್ಯಾಮೆರಾ, ಡಿವಿಆರ್, ರೂಟರ್‌ಗಳು.

ಅವುಗಳೊಳಗೆ ಹೊಕ್ಕಿದ್ದ ಮಾಲ್‌ವೇರ್‌ನ ಹೆಸರು ಮಿರೈ. ಅದು ಮಾಡ್ತಿದ್ದ ಕೆಲಸ ಬಹಳ ಸರಳ. ಇಂಟರ್ನೆಟ್ ತುಂಬ ಅಲೆದು, ಲಾಗಿನ್ ಕೇಳುವ ಸಾಧನ ಸಿಕ್ಕ ಕೂಡಲೇ ಸುಮಾರು 60 ಯೂಸರ್‌ನೇಮ್, ಪಾಸ್‌ವರ್ಡ್ ಜೋಡಿಗಳಲ್ಲಿ ಒಂದಷ್ಟನ್ನು ಹಾಕಿ ನೋಡುವುದು. 'ಅಡ್ಮಿನ್, ಅಡ್ಮಿನ್', 'ರೂಟ್, 123456', ಇಂಥವೇ. ಎಲ್ಲವೂ ಕಾರ್ಖಾನೆಯಲ್ಲೇ ಇಟ್ಟು ಕಳಿಸಿದ ಪಾಸ್‌ವರ್ಡ್‌ಗಳು. ಒಂದು ಹೊಂದಿದರೆ ಸಾಕು, ಸಾಧನ ಅವರ ವಶ. ಆಫ್ ಮಾಡಿ ಆನ್ ಮಾಡಿದರೆ ಮಿರೈ ಅಳಿಸಿಹೋಗುತ್ತಿತ್ತು ನಿಜ, ಆದರೆ ಪಾಸ್‌ವರ್ಡ್ ಅದೇ ಇದ್ದರೆ ನಿಮಿಷಗಳಲ್ಲೇ ವಾಪಸ್.

'ಪಾಸ್‌ವರ್ಡ್ ಬದಲಿಸಿ' ಅನ್ನುವುದು ಎಲ್ಲರೂ ಕೊಡುವ ಸಲಹೆ. ಬದಲಿಸಲೇಬೇಕು. ಆದರೆ ಕೆಲವು ಸಾಧನಗಳಲ್ಲಿ ಗ್ರಾಹಕರು ಬದಲಿಸಿದ್ದು ಒಂದು ಪಾಸ್‌ವರ್ಡ್, ಒಳಗಿನ ಸಾಫ್ಟ್‌ವೇರ್‌ನಲ್ಲಿ ಉಳಿದೇ ಇದ್ದದ್ದು ಇನ್ನೊಂದು. ಅದನ್ನು ಬದಲಿಸುವ ದಾರಿಯೇ ಇರಲಿಲ್ಲ. ಇಂಜಿನಿಯರಿಂಗ್ ಓದಿದ ನನಗೆ ಇದು ಗ್ರಾಹಕರ ಬೇಜವಾಬ್ದಾರಿಯಾಗಿ ಕಾಣಲ್ಲ, ವಿನ್ಯಾಸದ ದೋಷವಾಗಿಯೇ ಕಾಣುತ್ತದೆ.

ಕಂಪನಿಗಳು ಇದನ್ನು ತಾವಾಗಿಯೇ ಸರಿಪಡಿಸುತ್ತವಾ? ಕಷ್ಟ. ಕ್ಯಾಮೆರಾ ಮಾರಿದವರಿಗೆ ಲಾಭ ಬಂದಾಗಿದೆ. ಕೊಂಡವರ ಕ್ಯಾಮೆರಾ ಎಂದಿನಂತೆ ಚಿತ್ರ ತೋರಿಸುತ್ತಿದೆ. ಏಟು ಬಿದ್ದದ್ದು ಮೂರನೆಯವರಿಗೆ. ಕಾರ್ಖಾನೆ ತನ್ನ ಕೊಳಕು ನೀರನ್ನು ಕೆರೆಗೆ ಬಿಟ್ಟ ಹಾಗೆ. ಅಂಥ ಕಡೆ ಕಾನೂನೇ ಬರಬೇಕು.

ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಎಲ್ಲ ಸಾಧನಗಳಿಗೂ ಒಂದೇ ಡಿಫಾಲ್ಟ್ ಪಾಸ್‌ವರ್ಡ್ ಇಟ್ಟು ಮಾರುವಂತಿಲ್ಲ. ಎಷ್ಟು ಕಾಲ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ ಎಂದು ಕಂಪನಿ ಮೊದಲೇ ಹೇಳಬೇಕು. ನಮ್ಮ ಕೇಂದ್ರ ಸರ್ಕಾರವೂ 2024ರ ಏಪ್ರಿಲ್‌ನಲ್ಲಿ ಸಿಸಿಟಿವಿಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿತು, ಒಂದು ವರ್ಷದ ನಂತರ ಅದು ಜಾರಿಗೆ ಬಂತು. ಒಳ್ಳೆಯದೇ. ಆದರೆ ಮಾರಾಟದ ನಿಯಮ, ಆಗಲೇ ಗೋಡೆಯ ಮೇಲಿರುವ ಹಳೆಯ ಕ್ಯಾಮೆರಾಗಳನ್ನು ಸರಿಮಾಡುವುದಿಲ್ಲ.

ಕರ್ನಾಟಕದಲ್ಲಿ ಇದು ಇನ್ನೂ ಗಂಭೀರ. ಇಲ್ಲಿನ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯ ಪ್ರಕಾರ ಹೆಚ್ಚು ಜನ ಸೇರುವ ಸಂಸ್ಥೆಗಳು ಸಿಸಿಟಿವಿ ಹಾಕಲೇಬೇಕು, 30 ದಿನಗಳ ದೃಶ್ಯ ಇಟ್ಟುಕೊಳ್ಳಬೇಕು. ಅಲ್ಲಿ ದುಡಿಯುವವರನ್ನು ಯಾರೂ ಕೇಳಿ ಕ್ಯಾಮೆರಾ ಹಾಕಲ್ಲ. ಕ್ಯಾಮೆರಾ ಕಡ್ಡಾಯ ಮಾಡುವ ಸರ್ಕಾರಕ್ಕೆ ಅದರ ಪಾಸ್‌ವರ್ಡ್ ಯಾರ ಬಳಿ ಇದೆ, ಅಪ್‌ಡೇಟ್ ಯಾವಾಗ ಆಯ್ತು ಎಂದು ತಪಾಸಣೆ ಮಾಡುವ ಹೊಣೆಯೂ ಇರಬೇಕಲ್ವಾ?

ಇವತ್ತೇ ನಿಮ್ಮ ರೂಟರ್, ಕ್ಯಾಮೆರಾಗಳ ಪಾಸ್‌ವರ್ಡ್ ಬದಲಿಸಿ, ಅಪ್‌ಡೇಟ್ ಇದ್ದರೆ ಹಾಕಿ. ಆಮೇಲೆ ನಿಮ್ಮ ಕಾಲೇಜು, ಆಫೀಸು, ಅಪಾರ್ಟ್‌ಮೆಂಟ್‌ನಲ್ಲಿ ಇದೇ ಪ್ರಶ್ನೆಯನ್ನು ಲಿಖಿತವಾಗಿ ಕೇಳಿ.