ಮೊದಲ ಹೊಲಿಗೆ ಯಾರ ಮೈಮೇಲೆ?

ತರೀಕೆರೆಯ ಮಾವನ ಎಡಗೈಯಲ್ಲಿ ಒಂದು ಸೊಟ್ಟ ಗಾಯದ ಗುರುತಿದೆ. ಅಡಿಕೆ ಸುಲಿಯುವಾಗ ಕತ್ತಿ ತಾಗಿ, ಆಸ್ಪತ್ರೆಯೊಂದರಲ್ಲಿ ಹೊಲಿಗೆ ಹಾಕಿಸಿಕೊಂಡಿದ್ದು. ‘ಪಾಪ, ಹುಡುಗ ಹೊಸಬ. ನನಗಿಂತ ಅವನ ಕೈಯೇ ಜಾಸ್ತಿ ನಡುಗ್ತಿತ್ತು’ ಅಂತ ಮಾವ ಈಗಲೂ ನಗ್ತಾರೆ.

ಕಳೆದ ದೀಪಾವಳಿಗೆ ಅಜ್ಜಂಪುರದ ಚಿಕ್ಕಮ್ಮನ ಮನೆಯಲ್ಲಿ ಸೇರಿದ್ದಾಗ ಈ ಕಥೆಗೆ ನಗದಿದ್ದವಳು ಒಬ್ಬಳೇ, ಎಂಬಿಬಿಎಸ್ ಓದ್ತಿರೋ ಚಿಕ್ಕಮ್ಮನ ಮಗಳು. ‘ಇನ್ನೆರಡು ವರ್ಷಕ್ಕೆ ಆ ಹುಡುಗನ ಜಾಗದಲ್ಲಿ ನಾನಿರ್ತೀನಿ ಅಣ್ಣ’ ಅಂದಳು.

ನಾನು ಕಡೂರಿನವನು, ಬೆಂಗಳೂರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ನಮ್ಮ ಕೋಡ್ ಟೆಸ್ಟ್ ಸರ್ವರ್‌ನಲ್ಲಿ ಹತ್ತಾರು ಸಲ ಬಿದ್ದೆದ್ದ ಮೇಲೇ ಗ್ರಾಹಕರ ಕೈ ಸೇರೋದು. ಡಾಕ್ಟರ ಕೈಗೆ ಅಂಥದ್ದೊಂದು ಇಲ್ವಾ?

ಇದೆ, ಅದೂ ಹಳೇದು. ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಕಾಯಿಗಳ ಮೇಲೆ, ಹೊಲಿಯುವುದನ್ನು ಬಟ್ಟೆ, ಮೆತ್ತನೆ ತೊಗಲಿನ ಮೇಲೆ ಕಲಿಯಬೇಕು ಅಂತ ಸುಶ್ರುತ ಸಂಹಿತೆ ಹೇಳುತ್ತೆ. ಇವತ್ತು ಮೆಡಿಕಲ್ ಕಾಲೇಜಿಗೆ ಸ್ಕಿಲ್ಸ್ ಲ್ಯಾಬ್ ಕಡ್ಡಾಯ. 150 ಸೀಟಿನ ಕಾಲೇಜಿನಲ್ಲಿ ಅದಕ್ಕೆ ಕನಿಷ್ಠ 600 ಚದರ ಮೀಟರ್ ಜಾಗ ಬೇಕು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2020ರಲ್ಲಿ ನಿಯಮ ಮಾಡಿತು. ‘ಜಾಗ ಇದ್ರೆ ಸಾಕಾ? 150 ಜನರಲ್ಲಿ ನನ್ನ ಸರದಿ ಬರ್ಬೇಕಲ್ಲ’ ಅಂತಾಳೆ ಇವಳು.

ಹಾಗಾಗಿ ಆ ರಜೆಯಲ್ಲಿ ನಾವೇ ಒಂದು ಪೆಟ್ಟಿಗೆ ಮಾಡಿದ್ವಿ. ಚಿಕ್ಕಮ್ಮನ ಹಳೇ ಪ್ಲಾಸ್ಟಿಕ್ ಡಬ್ಬ, ಮುಚ್ಚಳಕ್ಕೆ ಎರಡು ತೂತು, ಒಳಗೊಂದು ಎಲ್‌ಇಡಿ ದೀಪ, ಕ್ಯಾಮೆರಾಗೆ ನನ್ನ ಹಳೇ ಮೊಬೈಲ್. ಲ್ಯಾಪರೊಸ್ಕೋಪಿಯಲ್ಲಿ ಸರ್ಜನ್ ನೋಡೋದು ಪರದೆಯನ್ನು, ಹೊಟ್ಟೆಯನ್ನಲ್ಲ. ತೂತೇ ಕೀಲಿನಂತಾಗಿ, ಕೈ ಎಡಕ್ಕೆ ಹೋದರೆ ಒಳಗಿನ ತುದಿ ಬಲಕ್ಕೆ ಹೋಗುತ್ತೆ. ಸೀನಿಯರ್ ಕೊಟ್ಟಿದ್ದ ಹಳೇ ಗ್ರಾಸ್ಪರ್ ಹಿಡಿದು ಕಡಲೆಬೀಜ ಎತ್ತೋಕೆ ಹೋದ ನಾನು ಬೆವೆತುಹೋದೆ. ಅಮೆರಿಕದ ಸರ್ಜನ್‌ಗಳು ಬರೆಯೋ ಎಫ್‌ಎಲ್‌ಎಸ್ ಪರೀಕ್ಷೆಯಲ್ಲೂ ಇಂಥದೇ ಪೆಟ್ಟಿಗೆ: ಆರು ಸಣ್ಣ ವಸ್ತುಗಳನ್ನು ಅತ್ತಿಂದಿತ್ತ ಸಾಗಿಸಬೇಕು, ಗಡಿಯಾರ ಓಡ್ತಿರುತ್ತೆ.

ಹೊಲಿಗೆಗೆ ಬಾಳೆಹಣ್ಣಿನ ಸಿಪ್ಪೆ. ದಾರ ಜೋರಾಗಿ ಎಳೆದರೆ ಸಿಪ್ಪೆ ಹರಿಯುತ್ತೆ, ತಪ್ಪು ಅಲ್ಲೇ ಗೊತ್ತಾಗುತ್ತೆ. ‘ಆದ್ರೆ ಸಿಪ್ಪೆಗೆ ರಕ್ತ ಬರಲ್ಲ, ಅದು ಅಳೋದೂ ಇಲ್ಲ. ಪಕ್ಕದಲ್ಲಿ ಹೇಳಿಕೊಡೋರು ಬೇಕೇ ಬೇಕು’ ಅನ್ನೋದನ್ನ ಅವಳೇ ಹೇಳಿದ್ದು. ನಿಜ. ಆದರೆ ಮೊದಲ ಹತ್ತು ತಪ್ಪು ಸಿಪ್ಪೆ ಮೇಲಾದರೆ, ಸರ್ಕಾರಿ ಆಸ್ಪತ್ರೆಯ ಸಾಲಲ್ಲಿ ನಿಂತವರ ಮೈಮೇಲೆ ಅಷ್ಟು ಕಡಿಮೆ ಆಗುತ್ತಲ್ಲ?

ಈಗ ರಾತ್ರಿ ಹೊತ್ತು ಅವಳ ಹೊಲಿಗೆಯ ಫೋಟೊ ವಾಟ್ಸ್‌ಆ್ಯಪ್‌ಗೆ ಬರುತ್ತೆ. ಮೊನ್ನೆ ಮಾವ ಬರೆದರು: ‘ಇನ್ನೊಂದ್ಸಲ ಕೈ ಕೊಯ್ಕೊಂಡ್ರೆ ನಿನ್ನ ಹತ್ರಾನೇ ಬರ್ತೀನಿ.’

ಅವಳ ಉತ್ತರ: ‘ಸ್ವಲ್ಪ ತಡೀರಿ ಮಾವ. ಸಿಪ್ಪೆ ಇನ್ನೂ ಹರೀತಿದೆ.’