ನಿಮಗಿದು ಗೊತ್ತೆ? ಆಟಕ್ಕೂ ಮುಂಚೆ ಮಾತಿನ ಜಾತ್ರೆ

ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಋತು ಶುರುವಾಗುವುದು ಆಗಸ್ಟ್ ಕೊನೆಗೆ. ಮಾತು ಮಾತ್ರ ಜುಲೈನಲ್ಲೇ ಶುರು! ‘ಮೀಡಿಯಾ ಡೇಸ್’ ಹೆಸರಿನಲ್ಲಿ ಕಾಲೇಜು ಒಕ್ಕೂಟಗಳು ಕೋಚ್‌ಗಳನ್ನೂ ಆಯ್ದ ಆಟಗಾರರನ್ನೂ ಪತ್ರಕರ್ತರ ಮುಂದೆ ಕೂರಿಸುತ್ತವೆ. ದಕ್ಷಿಣ ರಾಜ್ಯಗಳ ಎಸ್‌ಇಸಿ ಒಕ್ಕೂಟದ ಕಾರ್ಯಕ್ರಮಕ್ಕೆ ಗದ್ದಲ ಜಾಸ್ತಿ. ಬಹುಕಾಲ ಅದು ನಡೆದದ್ದು ಅಲಬಾಮಾದ ಹೂವರ್‌ನಲ್ಲಿ, ಶಾಪಿಂಗ್ ಮಾಲ್‌ಗೆ ಅಂಟಿಕೊಂಡ ಹೋಟೆಲೊಂದರಲ್ಲಿ. ಲಾಬಿಯಲ್ಲಿ ಹೆಲ್ಮೆಟ್, ಚೆಂಡು ಹಿಡಿದ ಅಭಿಮಾನಿಗಳು ಸಹಿಗಾಗಿ ಕಾಯುತ್ತಿದ್ದರು. ಚಾಂಪಿಯನ್ ಯಾರೆಂದು ಪತ್ರಕರ್ತರು ಅಲ್ಲಿ ಭವಿಷ್ಯವನ್ನೂ ನುಡಿಯುತ್ತಾರೆ. ಫಲಿಸಿದ್ದಕ್ಕಿಂತ ಹುಸಿಯಾದದ್ದೇ ಹೆಚ್ಚು.

ಇಂಥ ವೇದಿಕೆಯ ಮಾತಿಗೆ ಎಷ್ಟು ಬೆಲೆ? 2023ರ ಜುಲೈ 21ರಂದು ಲಾಸ್ ವೇಗಸ್‌ನಲ್ಲಿ ಪ್ಯಾಕ್-12 ಒಕ್ಕೂಟದ ಕಮಿಷನರ್ ಜಾರ್ಜ್ ಕ್ಲಿಯಾವ್‌ಕಾಫ್, ನಮ್ಮವರೆಲ್ಲ ಒಗ್ಗಟ್ಟಾಗಿದ್ದಾರೆ ಎಂದು ಭರವಸೆ ಕೊಟ್ಟರು. ವಾರ ತುಂಬುವುದರೊಳಗೆ ಕೊಲರಾಡೊ ಕೈಕೊಟ್ಟಿತು. ಆಗಸ್ಟ್ 4ರಂದು ಒಂದೇ ದಿನ ಐದು ವಿಶ್ವವಿದ್ಯಾಲಯಗಳು ಗಂಟುಮೂಟೆ ಕಟ್ಟಿದವು. ಸೆಪ್ಟೆಂಬರ್ ಹೊತ್ತಿಗೆ ಉಳಿದದ್ದು ಆರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ. ಟಿವಿ ಪ್ರಸಾರದ ಹಣ ಎಲ್ಲಿ ಹೆಚ್ಚೋ ಅಲ್ಲಿಗೆ ವಲಸೆ, ಅಷ್ಟೆ. ಪೆಸಿಫಿಕ್ ತೀರದ ಸ್ಟ್ಯಾನ್‌ಫರ್ಡ್ ಈಗ ಆಡುವುದು ‘ಅಟ್ಲಾಂಟಿಕ್ ಕೋಸ್ಟ್’ ಒಕ್ಕೂಟದಲ್ಲಿ!

ಈಚೆಗೆ ಈ ಸಭೆಗಳಲ್ಲಿ ಆಟಕ್ಕಿಂತ ದುಡ್ಡಿನ ಚರ್ಚೆಯೇ ಜೋರು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಸಂಪಾದಿಸಬಹುದು. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಒಪ್ಪಿದ ರಾಜಿಯಂತೆ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದು. ಮೊದಲ ವರ್ಷದ ಮಿತಿ, ಕಾಲೇಜೊಂದಕ್ಕೆ ಸುಮಾರು 2.05 ಕೋಟಿ ಡಾಲರ್.